ದೀಪದ ತೋಟ ಮಾಡಿಸಿದ ದಿವಾನರು



ಜಪಾನಿನ ಕ್ಯೋಟೋ ನಗರದಲ್ಲಿ ಹೂವಿನ ಕಾಲಕ್ಕೂ ಎಲೆ ಕೆಂಪಾಗುವ ಕಾಲಕ್ಕೂ ಹಳೆಯ ದೇವಾಲಯಗಳ ತೋಟಗಳಿಗೆ ರಾತ್ರಿ ದೀಪ ಹಾಕಿ ಜನರನ್ನು ಒಳಗೆ ಬಿಡುತ್ತಾರೆ. ಅಷ್ಟು ದೂರ ಹೋಗಲಾರದ ನಮಗೆ ದೀಪದ ತೋಟವೆಂದರೆ ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ. ಅದನ್ನು ಮಾಡಿಸಿದ ಸರ್ ಮಿರ್ಜಾ ಇಸ್ಮಾಯಿಲ್ ಅವರನ್ನು ಈ ಸಲ ನೆನೆಯುತ್ತಿದ್ದೇವೆ.

ಮಿರ್ಜಾ ಅವರು ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ಅಜ್ಜ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್ ಕಡೆಯಿಂದ ಬಂದು ನೆಲೆಸಿದ ಕುದುರೆ ವ್ಯಾಪಾರಿ. ಬಾಲಕ ಮಿರ್ಜಾ ಓದಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ. ಆ ಸ್ನೇಹ ಕಡೆಯವರೆಗೂ ಉಳಿಯಿತು. ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿದ್ದವರು 1926ರಲ್ಲಿ ಮೈಸೂರಿನ ದಿವಾನರಾದರು.

ಊರು ಚೆಂದವಾಗಿರಬೇಕೆಂಬುದು ಅವರಿಗೆ ಆಡಳಿತದ ಕೆಲಸವೇ ಆಗಿತ್ತು. ರಸ್ತೆ, ಚರಂಡಿ, ಉದ್ಯಾನಗಳನ್ನು ಕುದುರೆಯ ಮೇಲೆ ಹೋಗಿ ತಾವೇ ನೋಡುತ್ತಿದ್ದರು. ಅಣೆಕಟ್ಟೆಯ ಕೆಳಗೆ ತೋಟದ ಕೆಲಸ 1927ರಲ್ಲಿ ಶುರುವಾಗಿ 1932ರಲ್ಲಿ ಮುಗಿಯಿತು. ಕಾಶ್ಮೀರದ ಶಾಲಿಮಾರ್ ತೋಟವೇ ಮಾದರಿ: ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೆಲ, ನಡುವೆ ನೇರ ಕಾಲುವೆ, ಕಾರಂಜಿಗಳು. ಕತ್ತಲಾದ ಮೇಲೆ ನೀರಿಗೆ ಬಣ್ಣದ ದೀಪ. ಆದರೆ ಶಾಲಿಮಾರ್ ಬಾದಶಹ ಜಹಾಂಗೀರ್ ಮಾಡಿಸಿದ ಅರಸು ತೋಟ. ಬೃಂದಾವನದಲ್ಲಿ ಸಂಜೆ ನೋಡಿದರೆ ಬುತ್ತಿಗಂಟು ಹಿಡಿದು ಬಂದ ಹಳ್ಳಿಯವರೇ ಹೆಚ್ಚು.

ನಮ್ಮ ಆದೋನಿ, ಆಲೂರು, ಕೋಸಿಗಿ ಕಡೆಯವರಿಗೆ ಇಲ್ಲೊಂದು ಪ್ರಶ್ನೆ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಸೀಮೆ ನಮ್ಮದು. ತುಂಗಭದ್ರೆಯ ಕೆಳಮಟ್ಟದ ಕಾಲುವೆಗೆ ನೀರು ಬಂತೇ ಎಂದು ಕಾದು ಕೂರುವವರು ನಾವು. ಹೊಲ ಒಣಗಿರುವಾಗ ಕಾರಂಜಿ ಯಾಕೆ? ಮಿರ್ಜಾ ಅವರ ಕೆಲಸವೇ ಇದಕ್ಕೆ ಉತ್ತರ. ಅದೇ ಜಲಾಶಯದ ನೀರು ಅವರ ಕಾಲದಲ್ಲೇ ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ಮಂಡ್ಯದ ಹೊಲಗಳಿಗೆ ಹರಿಯಿತು. ಕಬ್ಬು ಬೆಳೆಯಿತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಹೊಲಕ್ಕೆ ನೀರು ಕೊಟ್ಟ ಕೈಯೇ ಕಣ್ಣಿಗೂ ಒಂದಿಷ್ಟು ಕೊಟ್ಟಿತು. ದುಡಿಯುವ ಜನಕ್ಕೆ ಎರಡೂ ಬೇಕು ಎಂದೇ ನಾವು ತಿಳಿಯುತ್ತೇವೆ.

ನಾಲ್ವಡಿಯವರು 1940ರಲ್ಲಿ ತೀರಿಕೊಂಡರು. ಮರುವರ್ಷ ಮಿರ್ಜಾ ದಿವಾನಗಿರಿ ಬಿಟ್ಟರು. ಮುಂದೆ ಜಯಪುರದ ಪ್ರಧಾನಿಯಾದರು. ಅಲ್ಲಿನ ದೊಡ್ಡ ಬೀದಿಗೆ ಇಂದಿಗೂ ಅವರದೇ ಹೆಸರು. 1946ರಲ್ಲಿ ಹೈದರಾಬಾದಿಗೆ ಹೋದರು. ನಮ್ಮ ನದಿಯಾಚೆಯ ರಾಯಚೂರು ಆಗ ನಿಜಾಮರದು. ಸಂಸ್ಥಾನ ಭಾರತದೊಡನೆ ಒಪ್ಪಂದಕ್ಕೆ ಬರಬೇಕೆಂಬುದು ಅವರ ನಿಲುವು. ವಿರೋಧ ಬಲವಾಗಿ, 1947ರಲ್ಲಿ ಆ ಹುದ್ದೆಯನ್ನೂ ಬಿಟ್ಟರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ನಿಧನರಾದರು.

ಆದೋನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಗಡಿ ಬದಲಾದರೂ ಕನ್ನಡ ನಾಡಿನ ಇಂಥ ಹಿರಿಯರು ನಮಗೂ ಹಿರಿಯರೇ. ಮಕ್ಕಳನ್ನು ಬೃಂದಾವನಕ್ಕೆ ಕರೆದೊಯ್ಯುವ ಸದಸ್ಯರು ದೀಪ ಹತ್ತುವ ಮೊದಲೇ ತಲುಪಿ, ಹಗಲಿನಲ್ಲಿ ಅಣೆಕಟ್ಟೆಯನ್ನೂ ತೋರಿಸಿ, ತೋಟ ಮಾಡಿಸಿದವರ ಹೆಸರನ್ನೂ ಹೇಳಬೇಕೆಂದು ಕೋರುತ್ತೇವೆ.