ವಿರಾಮಚಿಹ್ನೆಗಳ ವಿವೇಕಿ ಫೌಲರ್

ಉದ್ಯೋಗವನ್ನರಸಿ ನಾಡು ಬಿಟ್ಟು ಬಂದ ನಮಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್. ಇಂಗ್ಲಿಷಿನ ಶಬ್ದಗಳನ್ನು ಹೇಗೋ ಕೂಡಿಸಿಕೊಂಡೆವು. ಅಲ್ಪವಿರಾಮವನ್ನು ಎಲ್ಲಿಡಬೇಕೆಂಬಲ್ಲಿ ಮಾತ್ರ ನಮ್ಮ ಲೇಖನಿ ಇಂದಿಗೂ ತಡವರಿಸುತ್ತದೆ. ಇಂಥ ತೊಡಕುಗಳನ್ನು ಬಿಡಿಸುವುದರಲ್ಲೇ ಬಾಳು ಸವೆಸಿದ ಹೆನ್ರಿ ವಾಟ್ಸನ್ ಫೌಲರ್ ಅವರನ್ನು ಈ ನಾಡಹಬ್ಬದ ಸಂಚಿಕೆಯಲ್ಲಿ ನೆನೆಯೋಣ.

ಫೌಲರ್ ಹುಟ್ಟಿದ್ದು ಇಂಗ್ಲೆಂಡಿನ ಟನ್‌ಬ್ರಿಜ್‌ನಲ್ಲಿ, 1858ರಲ್ಲಿ. ಆಕ್ಸ್‌ಫರ್ಡಿನಲ್ಲಿ ಓದಿ, 1882ರಿಂದ ಸೆಡ್‌ಬರ್ಗ್ ಶಾಲೆಯಲ್ಲಿ ಉಪಾಧ್ಯಾಯರಾದರು. ಅಲ್ಲಿ ಮೇಲಿನ ಹುದ್ದೆ ತಾನಾಗಿ ಬಂದಿತು. ಆದರೆ ಆ ಹುದ್ದೆಯವರು ಹುಡುಗರನ್ನು ಕ್ರೈಸ್ತ ಧರ್ಮದ ಸಂಸ್ಕಾರವೊಂದಕ್ಕೆ ಸಿದ್ಧಗೊಳಿಸಬೇಕಿತ್ತು. ತಾವು ನಂಬದುದನ್ನು ಮಕ್ಕಳಿಗೆ ಬೋಧಿಸಲಾರದೆ, 1899ರಲ್ಲಿ ಶಾಲೆಯನ್ನೇ ಬಿಟ್ಟರು. ಆಗ ಅವರಿಗೆ ನಾಲ್ವತ್ತು ದಾಟಿತ್ತು.

1903ರಲ್ಲಿ ಅವರು ಗರ್ನ್‌ಸಿ ದ್ವೀಪಕ್ಕೆ ಹೋದರು. ತಮ್ಮ ಫ್ರಾಂಕ್ ಅಲ್ಲಿ ಟೊಮ್ಯಾಟೊ ಬೆಳೆಯುತ್ತಿದ್ದರು. ಅಣ್ಣತಮ್ಮಂದಿರು ಕೂಡಿ ಬರೆದ ‘ದಿ ಕಿಂಗ್ಸ್ ಇಂಗ್ಲಿಷ್’ 1906ರಲ್ಲಿ ಹೊರಬಂದಿತು. ವಿರಾಮಚಿಹ್ನೆಗಳಿಗೆ ಅದರಲ್ಲಿ ಒಂದು ಅಧ್ಯಾಯವೇ ಮೀಸಲು. ಪತ್ರಿಕೆಗಳಿಂದಲೂ ಹೆಸರಾಂತ ಲೇಖಕರಿಂದಲೂ ತಪ್ಪುಗಳನ್ನು ಹೆಕ್ಕಿ ತೋರಿಸಲು ಅವರು ಅಂಜಲಿಲ್ಲ. ಚಿಹ್ನೆಗಳು ಕೆಲಸಕ್ಕೆ ಬೇಕಾದಷ್ಟೇ ಇರಬೇಕು. ಅವು ಅರ್ಥವನ್ನು ಎತ್ತಿ ತೋರಬೇಕೇ ಹೊರತು ಕೆಟ್ಟ ವಾಕ್ಯಕ್ಕೆ ತೇಪೆಯಾಗಬಾರದು. ಇದು ಅವರ ನಿಲುವು.

ನಮ್ಮ ಕಚೇರಿಯ ಮಾತನ್ನೇ ನೋಡೋಣ. ರಜೆಯಲ್ಲಿದ್ದ ಗುಮಾಸ್ತರಿಗೆ ಸಂಬಳ ಬಂದಿಲ್ಲವೆಂದು ಇಂಗ್ಲಿಷಿನಲ್ಲಿ ಬರೆಯಬೇಕಾಗಿದೆ. ರಜೆಯ ಮಾತಿನ ಎರಡೂ ಕಡೆ ಅಲ್ಪವಿರಾಮವಿಟ್ಟರೆ, ಗುಮಾಸ್ತರೆಲ್ಲರೂ ರಜೆಯಲ್ಲಿದ್ದರು, ಒಬ್ಬರಿಗೂ ಸಂಬಳವಿಲ್ಲ ಎಂದಾಗುತ್ತದೆ. ಇಡದಿದ್ದರೆ, ರಜೆಯಲ್ಲಿದ್ದವರಿಗೆ ಮಾತ್ರ ಇಲ್ಲ ಎಂದಾಗುತ್ತದೆ. ಕನ್ನಡದಲ್ಲಿ ಇಂಥ ವಿಶೇಷಣ ನಾಮಪದದ ಮುಂದೆಯೇ ಬಂದುಬಿಡುವುದರಿಂದ ಅಲ್ಲಿ ಚಿಹ್ನೆಯ ಗೊಡವೆಯಿಲ್ಲ. ನಾವು ಎಡವುವುದು ದಡ್ಡತನದಿಂದಲ್ಲ, ಎರಡು ನುಡಿಗಳ ನಡೆ ಬೇರೆಯಾದುದರಿಂದ.

1911ರಲ್ಲಿ ಸೋದರರ ‘ಕನ್‌ಸೈಸ್ ಆಕ್ಸ್‌ಫರ್ಡ್’ ನಿಘಂಟು ಬಂದಿತು. ಇನ್ನೂ ದೊಡ್ಡದೊಂದು ಗ್ರಂಥಕ್ಕೆ ಇಬ್ಬರೂ ಕೈಯಿಕ್ಕಿದ್ದಾಗ ಮಹಾಯುದ್ಧ ಎರಗಿತು. ಒಂದು ಚುಕ್ಕೆಯ ತಪ್ಪನ್ನೂ ಸಹಿಸದ ಫೌಲರ್, 57ರ ವಯಸ್ಸಿನಲ್ಲಿ ತಮಗೆ 44 ಎಂದು ಸುಳ್ಳು ಹೇಳಿ ಸೈನ್ಯ ಸೇರಿದರು! ತಮ್ಮನೂ ಸೇರಿದರು. 1918ರಲ್ಲಿ ಕ್ಷಯರೋಗ ತಮ್ಮನನ್ನು ಕೊಂಡೊಯ್ದಿತು.

ಜೊತೆಗಾರನಿಲ್ಲದ ಕೆಲಸವನ್ನು ಅಣ್ಣ ಕೈಬಿಡಲಿಲ್ಲ. ‘ಮಾಡರ್ನ್ ಇಂಗ್ಲಿಷ್ ಯೂಸೇಜ್’ 1926ರಲ್ಲಿ ಪ್ರಕಟವಾಯಿತು. ಅದನ್ನು ತಮ್ಮನ ನೆನಪಿಗೇ ಅರ್ಪಿಸಿದರು. 1933ರ ಡಿಸೆಂಬರ್ 26ರಂದು ಫೌಲರ್ ತೀರಿಕೊಂಡರು.

ಶಾಲೆಯಲ್ಲಿ ನಂಬದುದನ್ನು ಬೋಧಿಸಲೊಪ್ಪದವರು ಬರಹದಲ್ಲಿಯೂ ಮನಸ್ಸಿನಲ್ಲಿದ್ದುದೇ ಕಾಗದದ ಮೇಲೆ ಬರಲೆಂದು ಬಯಸಿದರು. ಇನ್ನು ಮುಂದೆ ನಮ್ಮ ಮಕ್ಕಳು ಅಲ್ಪವಿರಾಮ ಎಲ್ಲಿ ಎಂದು ಕೇಳಿದರೆ, ಉಸಿರು ನಿಂತಲ್ಲಿ ಇಡು ಎಂದು ಹೇಳಿ ಸಾಗಹಾಕದಿರೋಣ. ನೀನು ಹೇಳಬೇಕೆಂದಿರುವುದೇನು ಎಂದು ಮೊದಲು ಕೇಳೋಣ.