ಮುಡಿಪಿನ ಸಂತ ಜೋಸೆಫ್ ವಾಜ್

ಮಂಗಳೂರಿನಿಂದ ಕೊಣಾಜೆಯ ವಿಶ್ವವಿದ್ಯಾನಿಲಯವನ್ನು ದಾಟಿ ಮುಂದೆ ಸಾಗಿದರೆ ಮುಡಿಪು ಸಿಗುತ್ತದೆ. ಮಲ್ಲತ್ತಹಳ್ಳಿಯ ಸುತ್ತಮುತ್ತ ನೆಲೆಸಿರುವ ಕರಾವಳಿ ಮೂಲದ ಕಥೋಲಿಕ ಕುಟುಂಬಗಳಿಗೆ ಈ ಹೆಸರು ಹೊಸದಲ್ಲ. ರೋಗಿಯೊಬ್ಬನನ್ನು ನೋಡಬೇಕೆಂಬ ನೆಪದಿಂದ ದ್ವೇಷಿಗಳು ಧರ್ಮಗುರು ಜೋಸೆಫ್ ವಾಜರನ್ನು ರಾತ್ರಿ ಈ ಗುಡ್ಡಕ್ಕೆ ಕರೆತಂದು ಕೊಲ್ಲಲು ಹವಣಿಸಿದರೆಂದೂ, ಅವರು ಊರುಗೋಲು ಊರಿದೆಡೆ ನೀರು ಚಿಮ್ಮಿತೆಂದೂ ಊರಿನ ಪರಂಪರೆ ಹೇಳುತ್ತದೆ. ಯಾತ್ರಿಕರ ಮನಸ್ಸು ಆ ನೀರಿನಲ್ಲಿ ನೆಲೆಸಿದೆ. ನಾವಾದರೋ ಅವರನ್ನು ಕನ್ನಡ ಕರಾವಳಿಗೆ ಕರೆತಂದ ಕಾರಣದತ್ತ ಓದುಗರ ಗಮನ ಸೆಳೆಯಬಯಸುತ್ತೇವೆ. ಅದೇನೂ ಸುಂದರವಾದ ಕಾರಣವಲ್ಲ.

1651ರ ಏಪ್ರಿಲ್ 21ರಂದು ಗೋವೆಯ ಬೆನಾವ್ಲಿಯಲ್ಲಿ ಹುಟ್ಟಿ, 1676ರಲ್ಲಿ ಗುರುದೀಕ್ಷೆ ಪಡೆದ ವಾಜರು 1681ರಲ್ಲಿ ಕೆನರಾ ಪ್ರಾಂತ್ಯಕ್ಕೆ ಬಂದರು. ಆಗ ಇಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. ಧರ್ಮಸಭೆಯೊಳಗೆ ಮಾತ್ರ ಒಡಕು. ಪೋರ್ಚುಗಲ್ಲಿನ ಅರಸನ ಹಕ್ಕನ್ನು ಮುಂದಿಟ್ಟ ಗೋವೆಯ ಅಧಿಕಾರವೊಂದು ಕಡೆ, ರೋಮ್ ನೇರವಾಗಿ ನೇಮಿಸಿದ ಧರ್ಮಾಧ್ಯಕ್ಷ ತೋಮಾಸ್ ಡಿ ಕ್ಯಾಸ್ಟ್ರೊ ಇನ್ನೊಂದು ಕಡೆ, ಅವರೂ ಗೋವೆಯವರೇ. ಯಾರ ಕೈಯಿಂದ ಪಡೆದ ಸಂಸ್ಕಾರ ಸಿಂಧು ಎಂಬ ಸಂಶಯದಲ್ಲಿ ಬಡ ಭಕ್ತರು ತೊಳಲಿದರು. ಅಧಿಕಾರದ ಪ್ರಶ್ನೆ ತರ್ಕದಲ್ಲಿ ಹಿರಿದಾಗಿರಬಹುದು, ಸಾಯುತ್ತಿರುವವನ ಹಾಸಿಗೆಯ ಬಳಿ ಅದಕ್ಕೇನು ಬೆಲೆ?

ಗೋವೆಯ ಪ್ರತಿನಿಧಿಯಾಗಿಯೇ ಬಂದಿದ್ದರೂ ವಾಜರು ಹಟ ಹಿಡಿಯಲಿಲ್ಲ. ಧರ್ಮಾಧ್ಯಕ್ಷರೊಡನೆ ತಾಳ್ಮೆಯಿಂದ ಮಾತುಕತೆ ನಡೆಸಿದರು. ಗಂಗೊಳ್ಳಿ, ಬಸರೂರು, ಕುಂದಾಪುರಗಳಲ್ಲಿ ಸಂಚರಿಸಿ ಚದುರಿದ್ದ ಭಕ್ತರನ್ನು ಒಗ್ಗೂಡಿಸಿದರು. ವಿವಾದ ಅವರ ಕಾಲದಲ್ಲಿ ಮುಗಿಯಲಿಲ್ಲ ನಿಜ. ಆದರೆ ಎರಡು ಪಕ್ಷಗಳ ನಡುವೆ ಜನರನ್ನು ಮರೆಯದಿದ್ದ ಗುರುವೊಬ್ಬರಿದ್ದರೆಂಬುದು ನಮಗೆ ಆ ನೀರಿನ ಬುಗ್ಗೆಗಿಂತ ಕಿರಿದಾದ ಪವಾಡವೆಂದು ತೋರುವುದಿಲ್ಲ.

1684ರಲ್ಲಿ ಅವರು ಗೋವೆಗೆ ಮರಳಿದರು. ಮೂರು ವರ್ಷಗಳ ಬಳಿಕ, ಡಚ್ಚರು ಕಥೋಲಿಕ ಧರ್ಮವನ್ನು ನಿಷೇಧಿಸಿದ್ದ ಸಿಂಹಳಕ್ಕೆ ಕೂಲಿಯಾಳಿನ ವೇಷದಲ್ಲಿ ಕಾಲಿಟ್ಟರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಶಂಕೆಯಿಂದ ಸೆರೆಯಾದರು. ಮುಂದೆ 1697ರಲ್ಲಿ ಅದೇ ಊರಿಗೆ ಸಿಡುಬು ಬಡಿದು, ಬಂಧುಗಳೇ ರೋಗಿಗಳನ್ನು ತೊರೆದಾಗ, ಮತಭೇದವೆಣಿಸದೆ ಅವರನ್ನು ಶುಶ್ರೂಷೆ ಮಾಡಿದರು. 1711ರ ಜನವರಿ 16ರಂದು ಅಲ್ಲಿಯೇ ದೇಹವಿಟ್ಟರು.

ಜಗದ್ಗುರು ಎರಡನೆಯ ಜಾನ್ ಪೌಲರು 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಧನ್ಯರೆಂದೂ, ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಅದೇ ನಗರದಲ್ಲಿ ಸಂತರೆಂದೂ ಘೋಷಿಸಿದರು. ಮುಡಿಪಿನ ಆಸುಪಾಸಿನಲ್ಲಿ ಇಂದು ಇನ್ಫೋಸಿಸ್‌ನ ಕಟ್ಟಡಗಳೂ ಎದ್ದುನಿಂತಿವೆ. ಯಾತ್ರಿಕರು ಮಾತ್ರ ಹಿಂದಿನಂತೆಯೇ ಗುಡ್ಡ ಹತ್ತುತ್ತಾರೆ.