ಹ್ಯಾಮಿಲ್ಟನ್, 1822: ಚೌಳು ನೀರಿನ ಮೀನಿಗೆ ಹೆಸರಿಟ್ಟ ಡಾಕ್ಟರ್

ಅಕ್ವೇರಿಯಂ ಹುಚ್ಚು ಇರೋರು ಒಂದು ವಿಷಯ ಗಮನಿಸಿರ್ತೀರ. ಮೀನಿನ ವೈಜ್ಞಾನಿಕ ಹೆಸರಿನ ಪಕ್ಕದಲ್ಲಿ ಅದನ್ನು ಮೊದಲು ವಿವರಿಸಿದವರ ಹೆಸರು ಮತ್ತು ಇಸವಿ ಇರುತ್ತೆ. ಜೀಬ್ರಾ ಡಾನಿಯೊ ಪಕ್ಕ ಹ್ಯಾಮಿಲ್ಟನ್, 1822. ರೋಸಿ ಬಾರ್ಬ್ ಪಕ್ಕ ಹ್ಯಾಮಿಲ್ಟನ್, 1822. ಡ್ವಾರ್ಫ್ ಗೌರಾಮಿ, ನೈಟ್ ಗೋಬಿ, ಅಷ್ಟೇ ಏಕೆ, ಊಟದ ತಟ್ಟೆಗೆ ಬರುವ ರೋಹು ಮತ್ತು ಕಾಟ್ಲಾ ಪಕ್ಕದಲ್ಲೂ ಅದೇ. ಯಾರಪ್ಪ ಈ ಹ್ಯಾಮಿಲ್ಟನ್ ಅಂತ ಹುಡುಕಿದಾಗ ನಮಗೆ ಸಿಕ್ಕಿದ್ದು ನಮ್ಮದೇ ಇತಿಹಾಸದ ಒಂದು ಹೆಸರು: ಟಿಪ್ಪು ಸತ್ತ ಮರುವರ್ಷ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದ ಫ್ರಾನ್ಸಿಸ್ ಬುಕಾನನ್. ಇಬ್ಬರೂ ಒಬ್ಬರೇ!

ಬುಕಾನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನಲ್ಲಿ. ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ 1783ರಲ್ಲಿ ಎಂ.ಡಿ. ಪಡೆದರು. ಅಲ್ಲೇ ಜಾನ್ ಹೋಪ್ ಎಂಬ ಪ್ರಾಧ್ಯಾಪಕರಿಂದ ಸಸ್ಯಶಾಸ್ತ್ರದ ರುಚಿ ಹತ್ತಿತು. ಆಮೇಲೆ ಏಷ್ಯಾಕ್ಕೆ ಹೋಗುವ ವ್ಯಾಪಾರಿ ಹಡಗುಗಳಲ್ಲಿ ಸರ್ಜನ್ ಕೆಲಸ. 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಕೀಯ ಸೇವೆಗೆ ಸೇರಿದರು, ಮರುವರ್ಷ ಬರ್ಮಾದ ಆವಾ ರಾಜ್ಯಕ್ಕೆ ಹೋದ ನಿಯೋಗದ ಜೊತೆ ಹೋಗಿ ಬಂದರು.

ಮೀನಿನ ಕಥೆ ಶುರುವಾಗೋದು ಅದಾದ ಮೇಲೆ. 1796ರಿಂದ ಎರಡು ವರ್ಷ ಅವರಿಗೆ ಲಕ್ಷ್ಮೀಪುರದಲ್ಲಿ ಪೋಸ್ಟಿಂಗ್. ಇವತ್ತಿನ ಬಾಂಗ್ಲಾದೇಶದಲ್ಲಿ, ಮೇಘನಾ ನದಿ ಸಮುದ್ರ ಸೇರುವ ಕಡೆ ಇರುವ ಊರು ಅದು. ಅಲ್ಲಿನ ನೀರು ಪೂರ್ತಿ ಸಿಹಿಯೂ ಅಲ್ಲ, ಪೂರ್ತಿ ಉಪ್ಪೂ ಅಲ್ಲ. ಭರತ ಬಂದಾಗ ಉಪ್ಪು ಏರುತ್ತೆ, ಇಳಿತದಲ್ಲಿ, ಮಳೆಗಾಲದಲ್ಲಿ ಕಮ್ಮಿಯಾಗುತ್ತೆ. ಇದೇ ಚೌಳು ನೀರು. ಸಮುದ್ರದ ಒಂದು ಲೀಟರ್ ನೀರಲ್ಲಿ ಸುಮಾರು 35 ಗ್ರಾಂ ಉಪ್ಪು ಇದ್ದರೆ, ಚೌಳು ನೀರಲ್ಲಿ ಅರ್ಧ ಗ್ರಾಂನಿಂದ 30 ಗ್ರಾಂ ತನಕ ಎಷ್ಟು ಬೇಕಾದರೂ ಇರಬಹುದು.

ಇಂಥ ನೀರಲ್ಲಿ ಬದುಕೋದು ಸಣ್ಣ ಕೆಲಸ ಅಲ್ಲ. ಸಿಹಿನೀರಲ್ಲಿ ಮೀನಿನ ಮೈಯೊಳಗಿನ ಉಪ್ಪು ಹೊರಗಿಗಿಂತ ಜಾಸ್ತಿ, ಹಾಗಾಗಿ ನೀರು ತಾನಾಗೇ ಒಳಗೆ ನುಗ್ಗುತ್ತೆ. ಅದನ್ನು ಮೂತ್ರಪಿಂಡ ಹೊರಗೆ ಹಾಕುತ್ತಲೇ ಇರಬೇಕು. ಸಮುದ್ರದಲ್ಲಿ ಪೂರಾ ಉಲ್ಟಾ. ನೀರು ಹೊರಗೆ ಹೋಗುತ್ತೆ, ಮೀನು ಉಪ್ಪುನೀರನ್ನೇ ಕುಡಿದು ಹೆಚ್ಚಿನ ಉಪ್ಪನ್ನು ಕಿವಿರುಗಳಿಂದ ಹೊರಗೆ ತಳ್ಳುತ್ತೆ. ಅಳಿವೆಯ ಮೀನುಗಳಿಗೆ ಈ ಎರಡೂ ಮೋಡ್ ಗೊತ್ತು, ಬೇಕಾದ ಹಾಗೆ ಬದಲಾಯಿಸಿಕೊಳ್ಳುತ್ತವೆ. ಬುಕಾನನ್ ಕಾಲಕ್ಕೆ ಇದರ ವಿಜ್ಞಾನ ಇನ್ನೂ ಹುಟ್ಟಿರಲಿಲ್ಲ. ಆದರೆ ಯಾವ ಮೀನು ಹೊಳೆಯದ್ದು, ಯಾವುದು ಕೆರೆಯದ್ದು, ಯಾವುದು ಅಳಿವೆಯದ್ದು ಅಂತ ಅವರು ಬರೆದಿಡುತ್ತಾ ಹೋದರು.

ಅಷ್ಟರಲ್ಲಿ 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಹೊಸದಾಗಿ ಕೈಗೆ ಬಂದ ನಾಡಿನಲ್ಲಿ ಏನು ಬೆಳೆಯುತ್ತೆ, ಏನು ತಯಾರಾಗುತ್ತೆ ಅಂತ ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಇವರನ್ನು ಕಳಿಸಿದರು. 1800ರ ಏಪ್ರಿಲ್ 23ಕ್ಕೆ ಮದ್ರಾಸಿನಿಂದ ಹೊರಟು 1801ರ ಜುಲೈನಲ್ಲಿ ವಾಪಸ್ಸಾದರು. ಬೆಂಗಳೂರು, ಶ್ರೀರಂಗಪಟ್ಟಣ, ಮಲಬಾರ್, ಆಮೇಲೆ ಮಂಗಳೂರು, ಉಡುಪಿ, ಕುಂದಾಪುರ, ಹೊನ್ನಾವರ, ಗೋಕರ್ಣ. ಅಲ್ಲಿಂದ ಘಟ್ಟ ಹತ್ತಿ ಶಿರಸಿ, ಇಕ್ಕೇರಿ. ಕಬ್ಬಿಣ ಕರಗಿಸುವ ಕುಲುಮೆ, ಉಕ್ಕು ಮಾಡುವ ರೀತಿ, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಎಳೆಯುತ್ತಿದ್ದ ಉಕ್ಕಿನ ತಂತಿ, ಎಲ್ಲವೂ ಅವರ ಡೈರಿಯಲ್ಲಿದೆ. ಮೆಕ್ಯಾನಿಕಲ್ ಗೆಳೆಯರು ಒಮ್ಮೆ ಓದಲೇಬೇಕು. ಇದು 1807ರಲ್ಲಿ ಮೂರು ಸಂಪುಟಗಳಾಗಿ ಬಂತು. ಕಂಪನಿ ಮಾಡಿಸಿದ ಸರ್ವೇ ಅನ್ನೋದನ್ನ ಮರೆಯೋ ಹಾಗಿಲ್ಲ. ಆದರೂ 1800ರ ಕರ್ನಾಟಕದ ದಿನನಿತ್ಯದ ಬದುಕನ್ನ ಇಷ್ಟು ವಿವರವಾಗಿ ಬರೆದಿಟ್ಟ ಪುಸ್ತಕಗಳು ತುಂಬಾ ಕಮ್ಮಿ.

ಮುಂದೆ ನೇಪಾಳ, ಆಮೇಲೆ ಬ್ಯಾರಕ್‌ಪುರದ ಪ್ರಾಣಿಸಂಗ್ರಹಾಲಯದ ಉಸ್ತುವಾರಿ. 1807ರಿಂದ 1814ರವರೆಗೆ ಬಂಗಾಳ, ಬಿಹಾರ ಪ್ರಾಂತ್ಯಗಳ ದೊಡ್ಡ ಸರ್ವೇ. ಹಗಲೆಲ್ಲ ಜಮೀನು, ಜನ, ಮಾರುಕಟ್ಟೆಯ ಲೆಕ್ಕ. ಅದರ ಮಧ್ಯೆ ಮೀನುಗಾರರು ತಂದುಕೊಟ್ಟ ಮೀನುಗಳ ರೆಕ್ಕೆಯ ಮುಳ್ಳು ಎಣಿಸಿ, ಬಣ್ಣ ಬರೆದುಕೊಂಡು, ಭಾರತೀಯ ಕಲಾವಿದರಿಂದ ಚಿತ್ರ ಬರೆಸುತ್ತಿದ್ದರು.

ನಮಗೆ ತುಂಬಾ ಇಷ್ಟವಾದದ್ದು ಅವರು ಹೆಸರಿಟ್ಟ ರೀತಿ. ಆ ಕಾಲದ ಯುರೋಪಿನವರು ಹೆಚ್ಚಾಗಿ ಲ್ಯಾಟಿನ್, ಗ್ರೀಕ್ ಹೆಸರನ್ನೇ ಇಡ್ತಿದ್ರು. ಬುಕಾನನ್ ಎಷ್ಟೋ ಮೀನಿಗೆ ಮೀನುಗಾರರು ಕರೆಯುತ್ತಿದ್ದ ಹೆಸರನ್ನೇ ಕೊಟ್ಟುಬಿಟ್ಟರು. ರೋಹು ರೋಹಿತ ಆಯ್ತು, ಕಾಟ್ಲಾ ಕಾಟ್ಲಾ ಆಗೇ ಉಳೀತು, ಇಲಿಶ್ ಮೀನು ಇಲಿಶಾ ಆಯ್ತು. ಹೀಗೆ ಬಂಗಾಳದ ದೋಣಿಯ ಮೇಲಿನ ಮಾತು ಪ್ರಪಂಚದ ಎಲ್ಲಾ ಲ್ಯಾಬುಗಳಿಗೆ ಹೋಯ್ತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ವಿಜ್ಞಾನಕ್ಕೆ ನಮ್ಮ ಭಾಷೆ ಆಗಿಬರಲ್ಲ ಅಂದುಕೊಂಡ ನಮ್ಮಂಥವರಿಗೆ ಇದು ಸ್ವಲ್ಪ ಚುರುಕ್ ಅನ್ನುತ್ತೆ.

1814ರಲ್ಲಿ ಬುಕಾನನ್ ಕಲ್ಕತ್ತಾ ಸಸ್ಯೋದ್ಯಾನದ ಮುಖ್ಯಸ್ಥರಾದರು. ಮರುವರ್ಷ ಊರಿಗೆ ಹೊರಟಾಗ ದೊಡ್ಡ ಪೆಟ್ಟು ಬಿತ್ತು. ಅವರು ವರ್ಷಗಟ್ಟಲೆ ಬರೆಸಿದ್ದ ಚಿತ್ರಗಳೆಲ್ಲ ಕಂಪನಿಯ ಆಸ್ತಿ ಅಂತ ಅಂದಿನ ಗವರ್ನರ್ ಜನರಲ್ ಕಲ್ಕತ್ತಾದಲ್ಲೇ ಇಟ್ಟುಕೊಂಡರು. ಇದು ಯಾಕೆ ಅಷ್ಟು ದೊಡ್ಡ ನಷ್ಟ ಅಂದ್ರೆ, ಬುಕಾನನ್ ಮೀನುಗಳನ್ನು ಸ್ಪಿರಿಟ್ಟಿನಲ್ಲಿ ಹಾಕಿ ಮ್ಯೂಸಿಯಮ್ಮಿಗೆ ಕೊಟ್ಟಿರಲಿಲ್ಲ. ನಾನು ನೋಡಿದ್ದು ಇದೇ ಮೀನು ಅಂತ ತೋರಿಸಲು ಇದ್ದದ್ದು ಬರಹ ಮತ್ತು ಚಿತ್ರ, ಎರಡೇ. ಅದರಲ್ಲಿ ಒಂದು ಕೈಬಿಟ್ಟು ಹೋಯ್ತು.

ಬೇರೆಯವರಾಗಿದ್ರೆ ಅಲ್ಲಿಗೇ ಬಿಡ್ತಿದ್ರೇನೋ. ಸ್ಕಾಟ್ಲೆಂಡಿನಲ್ಲಿ ತಾಯಿಯ ಕಡೆಯ ಆಸ್ತಿ ಬಂದು, ಅದರ ಜೊತೆ ಹ್ಯಾಮಿಲ್ಟನ್ ಎಂಬ ಹೆಸರೂ ಬಂತು. ಅಲ್ಲಿ ಕೂತು, ಉಳಿದ ಟಿಪ್ಪಣಿಗಳಿಂದಲೇ ಪುಸ್ತಕ ಮುಗಿಸಿದರು. 1822ರಲ್ಲಿ ಗಂಗಾ ನದಿ ಮತ್ತು ಅದರ ಉಪನದಿಗಳ ಮೀನುಗಳ ಬಗೆಗಿನ ಆ ಗ್ರಂಥ ಹೊರಬಂತು. ಇನ್ನೂರಕ್ಕೂ ಹೆಚ್ಚು ಜಾತಿಗಳ ವಿವರ, ಆದರೆ 39 ಪುಟಗಳಲ್ಲಿ 97 ಚಿತ್ರ ಮಾತ್ರ. 1829ರ ಜೂನ್ 15ರಂದು ತೀರಿಕೊಂಡರು.

ಚಿತ್ರಗಳ ಕಥೆ ಮಾತ್ರ ಮುಗಿಯಲಿಲ್ಲ. ಕಲ್ಕತ್ತಾದಲ್ಲಿ ಧೂಳು ತಿನ್ನುತ್ತಿದ್ದ ಅವು ಜಾನ್ ಮೆಕ್‌ಲೆಲ್ಯಾಂಡ್ ಕೈಗೆ ಸಿಕ್ಕಿ, 1839ರ ಅವರ ಗ್ರಂಥದಲ್ಲಿ ಬಳಕೆಯಾದವು. 1929ರಲ್ಲಿ ಸುಂದರ್ ಲಾಲ್ ಹೋರಾ ಅವನ್ನು ಮತ್ತೆ ಪರಿಶೀಲಿಸಿ, ಯಾವ ಚಿತ್ರ ಯಾವ ಮೀನಿನದು ಅಂತ ಬಿಡಿಸಿಟ್ಟರು. ಬುಕಾನನ್ ಸತ್ತು ಅಷ್ಟೊತ್ತಿಗೆ ನೂರು ವರ್ಷ.

ಇದೆಲ್ಲ ನಮಗ್ಯಾಕೆ ಅಂತೀರಾ? ಅಂಗಡಿಯಲ್ಲಿ ಪಫರ್, ಆರ್ಚರ್, ನೈಟ್ ಗೋಬಿಗಳನ್ನು ಸಿಹಿನೀರಿನ ತೊಟ್ಟಿಯಲ್ಲೇ ಇಟ್ಟು ಮಾರುತ್ತಾರೆ. ಪಾಕೆಟ್ ಮನಿ ಉಳಿಸಿ ತಂದವರು ಮೊದಮೊದಲು ಚೆನ್ನಾಗೇ ಇದೆ ಅಂದುಕೊಳ್ತಾರೆ. ತಿಂಗಳುಗಟ್ಟಲೆ ಹಾಗೇ ಇಟ್ಟರೆ ಪಫರ್ ಸೊರಗಿ ಸಾಯುತ್ತೆ. ಆರ್ಚರ್ ಜಾತಿಯ ಚಟಾರಿಯಸ್, ನೈಟ್ ಗೋಬಿ ಅಂದರೆ ಸದನುಂಡಿಯೊ, ಹಸಿರು ಪಫರ್‌ಗಳಲ್ಲಿ ಫ್ಲುವಿಯಾಟಿಲಿಸ್, ಇವೆಲ್ಲ 1822ರ ಅದೇ ಪುಸ್ತಕದವು, ಅಳಿವೆಯ ಕಡೆಯವು.

ಇವುಗಳಿಗೆ ಬೇಕಾದ ಏರ್ಪಾಡು ಕಷ್ಟದ್ದಲ್ಲ. ಅಡುಗೆ ಉಪ್ಪು ಸಾಲದು, ಅದರಲ್ಲಿ ಬರೀ ಸೋಡಿಯಂ ಕ್ಲೋರೈಡ್. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪಿಎಚ್ ಹಿಡಿದಿಡುವ ಕಾರ್ಬೊನೇಟ್ ಇರುವ ಮರೀನ್ ಸಾಲ್ಟ್ ಬೇಕು. ಲೀಟರಿಗೆ 8 ಗ್ರಾಂ ಅಂದಾಜು ಹಾಕಿದರೆ ಹೈಡ್ರೋಮೀಟರ್ 1.005ರ ಆಸುಪಾಸು ತೋರಿಸುತ್ತೆ. ಅಂದರೆ 60 ಲೀಟರ್ ಟ್ಯಾಂಕಿಗೆ ಅರ್ಧ ಕೆಜಿ ಹತ್ತಿರ. ಪಫರ್ ದೊಡ್ಡದಾದ ಹಾಗೆ ಇನ್ನೂ ಏರಿಸಬೇಕು. ಒಂದೇ ಸಲ ಸುರಿಯಬೇಡಿ, ವಾರಗಟ್ಟಲೆ ನಿಧಾನಕ್ಕೆ ಏರಿಸಿ. ಇಲ್ಲಾಂದ್ರೆ ಅಮೋನಿಯಾ ತಿನ್ನುವ ಫಿಲ್ಟರಿನ ಬ್ಯಾಕ್ಟೀರಿಯಾ ಸಾಯುತ್ತವೆ. ನೀರು ಆವಿಯಾಗುತ್ತೆ, ಉಪ್ಪು ಆಗಲ್ಲ. ಹಾಗಾಗಿ ಕಮ್ಮಿಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಿಸಿ.

ಬುಕಾನನ್‌ಗೆ ಮೀನು ತಂದುಕೊಟ್ಟ, ಹೆಸರು ಹೇಳಿಕೊಟ್ಟ ಮೀನುಗಾರರು ಯಾರು ಅನ್ನೋದು ಪುಸ್ತಕದಲ್ಲಿಲ್ಲ. ಅವರ ಮಾತು ಮಾತ್ರ ಉಳಿದಿದೆ. ನಮ್ಮ ಕ್ಲಬ್ಬಿನಲ್ಲಿ ಕುಂದಾಪುರ, ಹೊನ್ನಾವರ, ಕಾರವಾರದವರು ಎಷ್ಟೋ ಜನ ಇದ್ದೀರಿ. ನಿಮ್ಮೂರ ಅಳಿವೆಯ ಮೀನುಗಳನ್ನ ಮನೆಯಲ್ಲಿ ಅಜ್ಜಿ ಏನಂತ ಕರೀತಾರೆ, ಅದು ಯಾವ ತಿಂಗಳು, ಯಾವ ನೀರಲ್ಲಿ ಸಿಗುತ್ತೆ ಅಂತ ಈ ರಜೆಯಲ್ಲಿ ಕೇಳಿ ಬರೆದುಕೊಂಡು ಬನ್ನಿ. ಹೇಳಿದವರ ಹೆಸರನ್ನೂ ಸೇರಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.